ಎದುರಿಗೆ ಕೂತು ಕೇಳಿದ ವೀಣೆ ಮನೆಯ ಸ್ಪೀಕರ್‌ನಲ್ಲಿ ಸಿಗುತ್ತಾ?

ಕುವೆಂಪುನಗರ ಕೇಳುಗ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅಮ್ಮನಿಗೆ ಈಗ 76 ವರ್ಷ. ಮದುವೆಗೆ ಮುಂಚಿನಿಂದ ವೀಣೆ ನುಡಿಸಿದವರು, ಎಷ್ಟೋ ವರ್ಷ ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳಿಕೊಟ್ಟವರು. ಮೈಸೂರಿನಲ್ಲಿ ಒಳ್ಳೆ ಕಚೇರಿ ಇದೆ ಅಂದರೆ ಅವರು ಅಲ್ಲಿ ಇದ್ದೇ ಇರುತ್ತಿದ್ದರು. ವಿ.ವಿ. ಮೊಹಲ್ಲಾ 8ನೇ ಕ್ರಾಸಿನ ಗಣೇಶೋತ್ಸವ ಬಂತೆಂದರೆ ಸಂಜೆ ಅಡುಗೆ ಬೇಗ ಮುಗಿಸಿ ಹೊರಟುಬಿಡುತ್ತಿದ್ದರು. ಹೋದ ವರ್ಷ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾರೆ. ಎರಡು ಗಂಟೆ ಸಭೆಯ ಕುರ್ಚಿಯಲ್ಲಿ ಕೂರಲು ಆಗುವುದಿಲ್ಲ, ನೆಲದ ಮೇಲೆ ಕೂತು ವೀಣೆ ಹಿಡಿಯುವುದಂತೂ ಇಲ್ಲವೇ ಇಲ್ಲ. ಮೊಬೈಲಿನಲ್ಲಿ ಹಾಕಿಕೊಟ್ಟರೆ ಐದು ನಿಮಿಷ ಕೇಳಿ "ಸಾಕು ತೆಗಿ, ಊಟದ ಫೋಟೋ ತೋರಿಸಿದ ಹಾಗಿದೆ" ಅನ್ನುತ್ತಾರೆ.

ಅವರಿಗೆ ಮನೆಯಲ್ಲೇ ಒಂದು ಒಳ್ಳೆ ವ್ಯವಸ್ಥೆ ಮಾಡಿಕೊಡಬೇಕು ಎಂದು ಬೆಂಗಳೂರಿನ ಒಂದು ಅಂಗಡಿಗೆ ಹೋಗಿದ್ದೆ. ಮೂರು ಲಕ್ಷದ ಜೋಡಿ ಸ್ಪೀಕರ್ ಮುಂದೆ ಕೂರಿಸಿದರು. ಅವರೇ ಆರಿಸಿ ಹಾಕಿದ ಗಿಟಾರು, ಡ್ರಮ್ಸು ಕೇಳಿ ಮೈ ಜುಂ ಅಂದಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ನಾನು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದ ವೀಣೆ ಹಾಕಿಸಿದೆ. ವೀಣೆಯ ಕೊಡ ಎಡಗಡೆ ಸ್ಪೀಕರ್‌ನಲ್ಲಿ, ಬುರುಡೆ ಬಲಗಡೆ ಸ್ಪೀಕರ್‌ನಲ್ಲಿ, ನಡುವೆ ಹತ್ತು ಅಡಿ ಜಾಗ! ನಾಲ್ಕೂವರೆ ಅಡಿಯ ವಾದ್ಯ ಗೋಡೆಯಷ್ಟು ಅಗಲವಾಗಿ ಕೇಳಿಸಿತು. ಒಂದು ಮೀಟು ಹಾಕಿದರೆ ದೇವಸ್ಥಾನದ ಗಂಟೆ ಹೊಡೆದ ಹಾಗೆ. ಹುಟ್ಟಿದಾಗಿನಿಂದ ಪಕ್ಕದ ಕೋಣೆಯಲ್ಲಿ ವೀಣೆ ಕೇಳಿ ಬೆಳೆದವನು ನಾನು, ಅದು ಹಾಗೆ ಇರುವುದಿಲ್ಲ.

ಕೋಣೆ 12 ಅಡಿಗೆ 14 ಅಡಿ, ಎತ್ತರ 10 ಅಡಿ. ನೆಲಕ್ಕೆ ಟೈಲ್ಸ್, ಒಂದು ಕಡೆ ದೊಡ್ಡ ಕಿಟಕಿ. ನನ್ನ ಕೈಯಲ್ಲಿ ಆಗುವುದು ಒಂದೂವರೆ ಲಕ್ಷ. ನನ್ನ ಪ್ರಶ್ನೆ ಇಷ್ಟೇ. ಎದುರಿಗೆ ಕೂತು ನುಡಿಸಿದ ಹಾಗೆ ಕೇಳಿಸುವುದು ನಿಜಕ್ಕೂ ಸಾಧ್ಯವಾ? ಇಲ್ಲ ಅಂದರೆ ಇಲ್ಲ ಎಂದೇ ಹೇಳಿ, ದುಡ್ಡು ಉಳಿಯುತ್ತದೆ.

ಮಿಕ್ಸರ್ ಮೇಜು

ಸರ್, 20 ವರ್ಷದಿಂದ ಬೆಂಗಳೂರಿನಲ್ಲಿ ಕಚೇರಿಗಳಿಗೆ ಸೌಂಡ್ ಮಾಡುತ್ತಿದ್ದೇನೆ, ರೆಕಾರ್ಡಿಂಗ್ ಕೂಡ. ನೇರವಾಗಿ ಹೇಳುತ್ತೇನೆ. ವೀಣೆ ಒಂದೇ ಸಾಕು ಅಂದರೆ ತುಂಬಾ ಹತ್ತಿರ ಹೋಗಬಹುದು, ನಿಮ್ಮ ದುಡ್ಡಿನಲ್ಲೇ. ಮೃದಂಗ, ಘಟ ಎಲ್ಲಾ ಸೇರಿದ ಪೂರ್ತಿ ಕಚೇರಿ ಅಂದರೆ ಅರ್ಧ ದಾರಿ. ಎಂಟನೇ ಕ್ರಾಸಿನ ಪೆಂಡಾಲಿನಲ್ಲಿ ಜನರ ಮಧ್ಯೆ ಕೂತ ಹಾಗೆ ಆಗಬೇಕು ಅಂದರೆ ಅದು ಆಗುವುದಿಲ್ಲ, ಎಷ್ಟು ಸುರಿದರೂ.

ಯಾಕೆ ಅಂದರೆ ಇಲ್ಲಿ ಎರಡು ಬೇರೆ ಬೇರೆ ಆಸೆ ಇವೆ. ನಾವು ಎದ್ದು ಸಭೆಗೆ ಹೋದ ಹಾಗೆ ಅನ್ನಿಸಬೇಕು ಎನ್ನುವುದು ಒಂದು. ವೈಣಿಕರೇ ಎದ್ದು ನಮ್ಮ ಕೋಣೆಗೆ ಬಂದು ಕೂತ ಹಾಗೆ ಅನ್ನಿಸಬೇಕು ಎನ್ನುವುದು ಇನ್ನೊಂದು. ಮೊದಲನೆಯದು ಎರಡು ಸ್ಪೀಕರ್ ಕೈಯಲ್ಲಿ ಆಗುವ ಕೆಲಸ ಅಲ್ಲ. ದೊಡ್ಡ ಹಾಲ್‌ನಲ್ಲಿ ನುಡಿಸುವುದು ನಿಂತ ಮೇಲೂ ಶಬ್ದ ಗೋಡೆಯಿಂದ, ಛಾವಣಿಯಿಂದ, ಬೆನ್ನ ಹಿಂದಿನಿಂದ ಬರುತ್ತಲೇ ಇರುತ್ತದೆ. ಅಮೆರಿಕದ ಬಾಸ್ಟನ್ನಿನಲ್ಲಿ ಸಿಂಫನಿ ಹಾಲ್ ಇದೆ, ವ್ಯಾಲೇಸ್ ಸಬೀನ್ ಎನ್ನುವ ಭೌತವಿಜ್ಞಾನಿಯ ಲೆಕ್ಕ ನೋಡಿಕೊಂಡು ಕಟ್ಟಿ 1900ರಲ್ಲಿ ಬಾಗಿಲು ತೆರೆದದ್ದು. ಜನ ತುಂಬಿದಾಗ ಅಲ್ಲಿ ಒಂದು ಶಬ್ದ ಆರಿಹೋಗಲು ಸುಮಾರು 1.9 ಸೆಕೆಂಡ್ ಹಿಡಿಯುತ್ತದೆ. ಸಾಮಾನು ಇರುವ ಒಂದು ಮನೆ ಕೋಣೆಯಲ್ಲಿ ಅದು ಅರ್ಧ ಸೆಕೆಂಡ್ ಅಷ್ಟೇ. ರೆಕಾರ್ಡಿಂಗ್‌ನಲ್ಲಿ ಹಾಲ್‌ನ ಮರುದನಿ ಇದ್ದರೂ ಅದು ನಿಮ್ಮ ಎದುರಿನ ಎರಡು ಪೆಟ್ಟಿಗೆಯಿಂದಲೇ ಬರಬೇಕು. ಅದರ ಮೇಲೆ ನಿಮ್ಮ ಕೋಣೆಯ ಮರುದನಿಯೂ ಸೇರುತ್ತದೆ. ಕಿವಿಗೆ ಇದು ಕೂಡಲೇ ಗೊತ್ತಾಗುತ್ತದೆ.

ಎರಡನೆಯ ಆಸೆ ನಮ್ಮ ಕೈಗೆ ಎಟುಕುತ್ತದೆ. ವೀಣೆ ಹುಟ್ಟಿದ್ದೇ ಕೋಣೆಯಲ್ಲಿ ಕೇಳುವುದಕ್ಕೆ. ಅದರ ದನಿ ಸಣ್ಣದು, ಪಕ್ಕದಲ್ಲಿ ಇಬ್ಬರು ಜೋರಾಗಿ ಮಾತಾಡಿದರೆ ಮುಚ್ಚಿಹೋಗುತ್ತದೆ. ಅಷ್ಟು ಶಬ್ದ ಹೊರಡಿಸಲು ದೊಡ್ಡ ಆಂಪ್ಲಿಫೈಯರ್ ಬೇಡ. ಕೆಳಗಿನ ಸ್ವರದ ಲೆಕ್ಕವನ್ನೂ ನೋಡಿ. ವೀಣೆಯಲ್ಲಿ ಮುಖ್ಯವಾಗಿ ನುಡಿಸುವ ಸಾರಣಿ ತಂತಿಯನ್ನು 165 ಹರ್ಟ್ಜ್‌ಗೆ ಶ್ರುತಿ ಮಾಡಿದರೆ ಮಂದ್ರ ಷಡ್ಜ 82 ಆಯಿತು, ಅದರ ಕೆಳಗಿನ ಅನುಮಂದ್ರ ಪಂಚಮ 62ರ ಹತ್ತಿರ. ಕೆಳಗಿನ ಸ್ವರಕ್ಕೆ ಆರಿಂಚಿನ ವೂಫರ್ ಇರುವ ಒಳ್ಳೆ ಬುಕ್‌ಶೆಲ್ಫ್ ಸ್ಪೀಕರ್ ಇದನ್ನು ಸಲೀಸಾಗಿ ನುಡಿಸುತ್ತದೆ. ಸಬ್‌ವೂಫರ್ ಬೇಕೇ ಬೇಕು ಎಂದು ಅಂಗಡಿಯವರು ಹೇಳಿದರೆ ಸುಮ್ನೆ ತಲೆಯಾಡಿಸಿ ಬನ್ನಿ.

ಇನ್ನು ಅಂಗಡಿಯಲ್ಲಿ ನೀವು ಕೇಳಿದ ಹತ್ತಡಿ ವೀಣೆ. ತಪ್ಪು ಸ್ಪೀಕರಿನದಲ್ಲ, ರೆಕಾರ್ಡಿಂಗ್‌ನದು. ವೀಣೆಗೆ ಕಾಂಟ್ಯಾಕ್ಟ್ ಮೈಕ್ ಅಂಟಿಸುವುದು ಈಗ ಮಾಮೂಲಿ. ಅದು ಮರದ ಅದುರನ್ನು ಹಿಡಿಯುತ್ತದೆ, ಗಾಳಿಯಲ್ಲಿ ಹರಡುವ ದನಿಯನ್ನಲ್ಲ. ಸ್ಟುಡಿಯೋದಲ್ಲಿ ಕೊಡದ ಹತ್ತಿರ ಒಂದು ಮೈಕ್, ಬೆರಳು ಒತ್ತುವ ಮೆಟ್ಟಿಲ ಹತ್ತಿರ ಇನ್ನೊಂದು ಇಟ್ಟು ಒಂದನ್ನು ಪೂರ್ತಿ ಎಡಕ್ಕೆ, ಇನ್ನೊಂದನ್ನು ಪೂರ್ತಿ ಬಲಕ್ಕೆ ಹಾಕುತ್ತಾರೆ. ಮೇಲೆ ಒಂದಿಷ್ಟು ರಿವರ್ಬ್, ಅಂದರೆ ಕೃತಕ ಮರುದನಿ, ಸುರಿಯುತ್ತಾರೆ. ನಾನೂ ಮಾಡಿದ್ದೇನೆ, ಕೇಳಿದವರಿಗೆ ಅದೇ ಬೇಕಿತ್ತು. ಇಂಥ ರೆಕಾರ್ಡಿಂಗ್ ಅನ್ನು ಹತ್ತು ಲಕ್ಷದ ಸೆಟ್‌ನಲ್ಲಿ ಹಾಕಿದರೂ ಎದುರಿಗೆ ಕೂತ ಹಾಗೆ ಆಗುವುದಿಲ್ಲ, ಒಳಗಿಲ್ಲದ್ದು ಹೊರಗೆ ಬರುವುದು ಹೇಗೆ?

ಅದಕ್ಕೇ ಒಂದು ಪರೀಕ್ಷೆ ಹೇಳುತ್ತೇನೆ. ದುಡ್ಡು ಖರ್ಚು ಮಾಡುವ ಮುಂಚೆ ಮಾಡಿ. ಅಮ್ಮನ ವೀಣೆ ಇನ್ನೂ ಮನೆಯಲ್ಲಿ ಇದೆಯಾ? ಗೊತ್ತಿರುವವರು ಯಾರನ್ನಾದರೂ ಕರೆದು ಅದೇ ಕೋಣೆಯಲ್ಲಿ ಹತ್ತು ನಿಮಿಷ ನುಡಿಸಲು ಹೇಳಿ. ಮೂರು ಅಡಿ ದೂರದಲ್ಲಿ ಒಂದು ಸಾಧಾರಣ ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿ, ಸುತ್ತ ದಪ್ಪ ಹಾಸಿಗೆ, ರಗ್ಗು ಇಟ್ಟರೆ ಒಳ್ಳೆಯದು, ಕೋಣೆಯ ಮರುದನಿ ಎರಡು ಸಲ ಸೇರಬಾರದು. ಆಮೇಲೆ ಸ್ನೇಹಿತರಿಂದ ಒಂದು ಒಳ್ಳೆ ಸ್ಪೀಕರ್ ತಂದು, ಒಂದೇ ಒಂದು, ವೀಣೆ ಇದ್ದ ಜಾಗದಲ್ಲೇ ಇಟ್ಟು ಅಷ್ಟೇ ಜೋರಿನಲ್ಲಿ ಹಾಕಿ. ಜೋರು ಅಷ್ಟೇ ಇರಲಿ. ಕಡಿಮೆ ಮಾಡಿದರೆ ನಮ್ಮ ಕಿವಿಗೆ ಕೆಳಗಿನ ಸ್ವರ ಮೊದಲು ಮಾಯವಾಗುತ್ತದೆ, ಹೆಚ್ಚು ಮಾಡಿದರೆ ನಿಮ್ಮ ಗಂಟೆ ವಾಪಸ್ ಬರುತ್ತದೆ.

ಬಯಲಾಟದ ಕಿವಿ

ನಾನು ಉಡುಪಿ ಕಡೆಯವನು. ಮೇಲಿನವರು ವೀಣೆಗೆ ಆಗುತ್ತದೆ ಅಂದರು. ಎಲ್ಲ ವಾದ್ಯಕ್ಕೂ ಆಗುತ್ತದೆ ಎಂದು ಯಾರೂ ನಂಬಬೇಡಿ, ಅದಕ್ಕೇ ಬರೆಯುತ್ತಿದ್ದೇನೆ.

ಚಿಕ್ಕಂದಿನಿಂದ ಯಕ್ಷಗಾನದ ಆಟ ನೋಡಿದ್ದೇನೆ. ರಾತ್ರಿ ಗದ್ದೆಯ ಆಚೆ ಎಲ್ಲೋ ಚೆಂಡೆ ಶುರುವಾದರೆ ಮನೆಯ ಜಗಲಿಗೆ ಕೇಳುತ್ತದೆ. ರಂಗಸ್ಥಳದ ಹತ್ತಿರ ಕೂತರೆ ಆ ಪೆಟ್ಟು ಕಿವಿಗೆ ಬರುವುದಕ್ಕಿಂತ ಮೊದಲು ಎದೆಗೆ ಬಂದ ಹಾಗೆ ಇರುತ್ತದೆ. ಇದು ಮನೆಯಲ್ಲಿ ಬೇಕು ಎಂದು ಆಸೆ ಆಗಿ, ಹೋದ ಮಳೆಗಾಲದಲ್ಲಿ ಆಟ ಇಲ್ಲದ ಸಮಯ, ಒಂದು ಒಳ್ಳೆಯ ರೆಕಾರ್ಡಿಂಗ್ ಹಾಕಿ ವಾಲ್ಯೂಮ್ ಏರಿಸುತ್ತಾ ಹೋದೆ. ಭಾಗವತರ ಪದ ಚೆನ್ನಾಗಿತ್ತು. ಮದ್ದಳೆ ಪರವಾಗಿಲ್ಲ. ಚೆಂಡೆ ಮಾತ್ರ ತಗಡು ಬಡಿದ ಹಾಗೆ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಏರಿಸಿದೆ. ಯುದ್ಧದ ಸನ್ನಿವೇಶ ಬಂದಾಗ ಒಂದು ಕಡೆಯ ಟ್ವೀಟರ್, ಮೇಲಿನ ಸ್ವರ ನುಡಿಸುವ ಸಣ್ಣ ಸ್ಪೀಕರ್, ಸುಟ್ಟುಹೋಯಿತು. ನನ್ನ ಆಂಪ್ 40 ವ್ಯಾಟಿನದು.

ರಿಪೇರಿ ಮಾಡಿದವರು ಲೆಕ್ಕ ಬಿಡಿಸಿ ಹೇಳಿದರು. 10 ಡೆಸಿಬೆಲ್ ಜಾಸ್ತಿ ಬೇಕು ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. 20 ಡೆಸಿಬೆಲ್ ಅಂದರೆ ನೂರು ಪಟ್ಟು. ಪದ ಹಾಡುವಾಗ ಒಂದು ವ್ಯಾಟ್ ಸಾಕಾಗುತ್ತಿದ್ದರೆ, ಅದಕ್ಕಿಂತ 20 ಡೆಸಿಬೆಲ್ ಮೇಲೆ ಹಾರುವ ಚೆಂಡೆಯ ಒಂದು ಹೊಡೆತಕ್ಕೆ ಆ ಕ್ಷಣದಲ್ಲಿ 100 ವ್ಯಾಟ್ ಬೇಕು. ನನ್ನ ಹತ್ತಿರ ಇದ್ದದ್ದು 40. ಅದರ ಆಚೆಗೆ ಆಂಪ್ ಅಲೆಯ ತಲೆಯನ್ನು ಕತ್ತರಿಸಿಬಿಡುತ್ತದೆ. ಹಾಗೆ ಕತ್ತರಿಸಿದಾಗ ಹುಟ್ಟುವ ಮೇಲಿನ ಕಂಪನಗಳೆಲ್ಲ ಹೋಗಿ ಟ್ವೀಟರ್ ಮೇಲೆ ಬೀಳುತ್ತವೆ. ಪಾಪ, ಅದು ಸಣ್ಣ ತಂತಿಯ ಸುರುಳಿ, ತಡೆಯಲಿಲ್ಲ.

ಚೆಂಡೆ, ನಾಗಸ್ವರ, ಡೋಲು, ಇವು ಬಯಲಿಗೆ, ಮೆರವಣಿಗೆಗೆ ಹುಟ್ಟಿದ ವಾದ್ಯಗಳು. ಕೋಣೆಗೆ ತಂದರೆ ಅವು ಅವಾಗಿ ಉಳಿಯುವುದಿಲ್ಲ, ಪೂರ್ತಿ ಜೋರಿನಲ್ಲಿ ನಿಜವಾದ ಚೆಂಡೆಯನ್ನೇ ಹಾಲ್‌ನಲ್ಲಿ ಬಾರಿಸಿದರೂ ನಾವು ಹೊರಗೆ ಓಡುತ್ತೇವೆ ಅಲ್ವಾ. ನಾನು ಈಗ ಚೆಂಡೆ ಬೇಕೆಂದರೆ ಆಟಕ್ಕೇ ಹೋಗುತ್ತೇನೆ. ಮನೆಯಲ್ಲಿ ಪದ ಮಾತ್ರ ಕೇಳುತ್ತೇನೆ.

ನಿಮ್ಮ ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ.

ಚಾಮರಾಜಪೇಟೆ

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವೆಲ್ಲ ಯಾವ ಲೈವ್ ಬಗ್ಗೆ ಮಾತಾಡುತ್ತಿದ್ದೀರಿ? ನಾನು ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳನ್ನು ಕೇಳುತ್ತಾ ದೊಡ್ಡವನಾದೆ, ಗಾಯನ ಸಮಾಜ, ಚೌಡಯ್ಯ ಹಾಲ್ ಎಲ್ಲಾ ಕಡೆ ಹೋಗುತ್ತೇನೆ. ಅಲ್ಲಿ ನಾವು ಕೇಳುವುದೂ ಸ್ಪೀಕರನ್ನೇ. ವೀಣೆಗೆ ಮೈಕ್, ಪಿಟೀಲಿಗೆ ಮೈಕ್, ಮೃದಂಗದ ಎರಡೂ ಕಡೆ ಮೈಕ್. ಹಿಂದಿನ ಸಾಲಿನಲ್ಲಿ ಕೂತರೆ ಕಲಾವಿದರ ಕಡೆಯಿಂದ ಒಂದು ಚೂರೂ ನೇರ ದನಿ ಬರುವುದಿಲ್ಲ. ಎಷ್ಟೋ ಸಲ ಮೃದಂಗದವರು ತಮಗೆ ಕೇಳುತ್ತಿಲ್ಲ ಎಂದು ಕೈ ಮಾಡುತ್ತಾರೆ, ಸೌಂಡಿನವರು ಏರಿಸುತ್ತಾರೆ, ಆಮೇಲೆ ಪಿಟೀಲಿನವರು ಕೈ ಮಾಡುತ್ತಾರೆ. ಕೊನೆಗೆ ವೀಣೆ ಎಲ್ಲೋ ಕೆಳಗೆ ಹೂತುಹೋಗಿರುತ್ತದೆ.

ಮೈಕ್ ಇಲ್ಲದ ಕಾಲದಲ್ಲಿ ದೊಡ್ಡ ಸಭೆಗೆ ಕೇಳಿಸುವುದು ಎಷ್ಟು ಕಷ್ಟ ಇತ್ತು ಅಂದರೆ, ಮೈಸೂರಿನ ಚೌಡಯ್ಯನವರು ನಾದ ತುಂಬಿ ಬರಲಿ ಎಂದು ಏಳು ತಂತಿಯ ಪಿಟೀಲು ಮಾಡಿಸಿಕೊಂಡರು. ಆ ಪಿಟೀಲಿನ ಆಕಾರದಲ್ಲೇ ಕಟ್ಟಿದ ಹಾಲ್ 1980ರಲ್ಲಿ ಮಲ್ಲೇಶ್ವರದ ಹತ್ತಿರ ಬಂತು. ಈಗ ಆ ಹಾಲ್‌ನಲ್ಲಿ ಪಿಟೀಲು ಕೇಳುವುದು ಧ್ವನಿವರ್ಧಕದಲ್ಲಿ.

ಹಾಗಾಗಿ ಮನೆಯಲ್ಲಿ ಒಂದು ಜೋಡಿ ಒಳ್ಳೆ ಸ್ಪೀಕರ್ ಇದ್ದರೆ ಎಷ್ಟೋ ಸಭೆಗಳಿಗಿಂತ ವೀಣೆ ಮನೆಯಲ್ಲೇ ಚೆನ್ನಾಗಿ ಕೇಳುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಸಭೆಯಲ್ಲಿ ಸಿಗುವುದು ಬೇರೆ. ಪಕ್ಕದವರು ತೊಡೆಯ ಮೇಲೆ ತಾಳ ಹಾಕುವುದು, ರಾಗ ಹಿಡಿಯುವ ಮೊದಲ ಎರಡು ಸೆಕೆಂಡಿಗೇ ಹಿಂದಿನಿಂದ ಯಾರೋ "ಆಹಾ" ಅನ್ನುವುದು, ಕಲಾವಿದರು ಅದನ್ನು ಕೇಳಿ ಇನ್ನೊಂದು ಸುತ್ತು ಬೆಳೆಸುವುದು. ಅದು ಯಾವ ಪೆಟ್ಟಿಗೆಯಿಂದಲೂ ಬರುವುದಿಲ್ಲ. ಅಮ್ಮನವರಿಗೆ ಅದೂ ಬೇಕಾಗಿದ್ದರೆ, ಭಾನುವಾರ ಅವರ ಹಳೆಯ ಶಿಷ್ಯರನ್ನು ನಾಲ್ಕು ಜನ ಕರೆಯಿರಿ. ಎಲ್ಲರೂ ಕೂತು ಒಟ್ಟಿಗೆ ಕೇಳಲಿ.

ಹಳೇ ರೇಡಿಯೋ

ಈ ಪ್ರಶ್ನೆ ಹೊಸದಲ್ಲ, ನೂರು ವರ್ಷ ದಾಟಿದೆ. ಎಡಿಸನ್ ಕಂಪನಿಯವರು 1915ರಿಂದ ಅಮೆರಿಕದ ಊರೂರಿನಲ್ಲಿ ಒಂದು ಪ್ರದರ್ಶನ ಮಾಡುತ್ತಿದ್ದರು. ವೇದಿಕೆಯ ಮೇಲೆ ಫೋನೋಗ್ರಾಫ್, ಪಕ್ಕದಲ್ಲಿ ಗಾಯಕಿ. ಇಬ್ಬರೂ ಒಟ್ಟಿಗೆ ಹಾಡುತ್ತಾರೆ, ನಡುವೆ ದೀಪ ಆರಿಸುತ್ತಾರೆ, ದೀಪ ಬಂದಾಗ ನೋಡಿದರೆ ಗಾಯಕಿ ಇಲ್ಲವೇ ಇಲ್ಲ, ಯಂತ್ರ ಮಾತ್ರ ಹಾಡುತ್ತಿರುತ್ತದೆ. ಜನ ಬೆರಗಾಗಿ ಹೋಗುತ್ತಿದ್ದರು. ಆಗಿನ ಯಂತ್ರಕ್ಕೆ ಕರೆಂಟಿಲ್ಲ, ಮೈಕಿಲ್ಲ, ಬರೀ ಕೊಳವೆ. ಆ ಗಾಯಕಿಯರಲ್ಲಿ ಆನಾ ಕೇಸ್ ಎನ್ನುವವರು ಎಷ್ಟೋ ವರ್ಷದ ಮೇಲೆ ಹೇಳಿಕೊಂಡರು, ತಮ್ಮ ದನಿಯನ್ನೇ ಯಂತ್ರದ ದನಿಗೆ ಹೊಂದಿಸಿಕೊಂಡು ಹಾಡುತ್ತಿದ್ದೆ ಎಂದು.

ಆಮೇಲೆ 1950ರ ದಶಕದ ಕೊನೆಯಲ್ಲಿ ಅಕೌಸ್ಟಿಕ್ ರಿಸರ್ಚ್ ಎನ್ನುವ ಸ್ಪೀಕರ್ ಕಂಪನಿ ಇದನ್ನು ಪ್ರಾಮಾಣಿಕವಾಗಿ ಮಾಡಿತು. ಫೈನ್ ಆರ್ಟ್ಸ್ ಕ್ವಾರ್ಟೆಟ್ ಎನ್ನುವ ನಾಲ್ಕು ಜನ ತಂತಿವಾದ್ಯದವರು ವೇದಿಕೆಯಲ್ಲಿ ನುಡಿಸುತ್ತಾ ನುಡಿಸುತ್ತಾ ನಡುವೆ ಕಮಾನನ್ನು ತಂತಿಗೆ ತಾಗಿಸದೆ ಸುಮ್ನೆ ಆಡಿಸುತ್ತಿದ್ದರು, ಆಗ ಟೇಪು ಸ್ಪೀಕರಿನಲ್ಲಿ ನುಡಿಯುತ್ತಿತ್ತು. ಎಲ್ಲಿ ಬದಲಾಯಿತು ಎಂದು ಹೇಳಲು ಕೇಳುಗರು ಒದ್ದಾಡಿದರು. ಆದರೆ ಒಂದು ಗುಟ್ಟು ಇತ್ತು. ಟೇಪನ್ನು ಮರುದನಿ ಸೇರದ ಹಾಗೆ ರೆಕಾರ್ಡ್ ಮಾಡಿದ್ದರು. ಹಾಲ್‌ನ ಮರುದನಿ ಸ್ಪೀಕರಿಗೂ ವಾದ್ಯಕ್ಕೂ ಒಂದೇ. ಮಿಕ್ಸರ್ ಮೇಜಿನವರು ಹಾಸಿಗೆ ಸುತ್ತಿ ರೆಕಾರ್ಡ್ ಮಾಡಿ ಅಂದದ್ದು ಇದಕ್ಕೇ. ಅವರ ಪರೀಕ್ಷೆ ಸರಿಯಾಗಿದೆ, ಖಂಡಿತ ಮಾಡಿ.

ಧಾರವಾಡದ ತಂಬೂರಿ

ಎಲ್ಲರೂ ವೀಣೆ, ಚೆಂಡೆ ಅಂದರು, ತಂಬೂರಿ ಬಗ್ಗೆ ಯಾರೂ ಮಾತಾಡಲಿಲ್ಲ. ನನಗೆ ಸೆಟ್ಟಿನ ಯೋಗ್ಯತೆ ಗೊತ್ತಾಗುವುದು ತಂಬೂರಿಯಲ್ಲಿ.

ನಮ್ಮ ಮನೆಯಲ್ಲಿ ಬೈಠಕ್ ನಡೆಯುತ್ತಿತ್ತು. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು ಇದ್ದ ಸೀಮೆ ಇದು, ಹಾಡುವವರು ಮನೆಮನೆಯಲ್ಲಿ ಇದ್ದರು. ಮೂವತ್ತು ಜನ, ಜಮಖಾನ, ಮೈಕ್ ಇಲ್ಲ. ನಾನು ಹುಡುಗ, ತಂಬೂರಿ ಹಿಡಿದವರ ಬೆನ್ನಿಗೆ ಅಂಟಿಕೊಂಡು ಕೂರುತ್ತಿದ್ದೆ. ತಂತಿಗಳನ್ನು ಹೊರುವ ಮರದ ತುಂಡಿಗೆ ಕುದುರೆ ಅನ್ನುತ್ತಾರೆ, ಅದರ ಮೇಲೆ ತಂತಿಯ ಕೆಳಗೆ ಒಂದು ಸಣ್ಣ ನೂಲಿನ ಎಳೆ ಇರುತ್ತದೆ. ದಕ್ಷಿಣದವರು ಜೀವಾಳ ಅನ್ನುತ್ತಾರೆ. ಅದನ್ನು ಒಂದು ಕೂದಲೆಳೆಯಷ್ಟು ಆಚೆ ಈಚೆ ಸರಿಸುವುದನ್ನು ನೋಡಿದ್ದೇನೆ. ಸರಿಸುತ್ತಾ ಸರಿಸುತ್ತಾ ಒಂದು ಜಾಗಕ್ಕೆ ಬಂದಾಗ ಇದ್ದಕ್ಕಿದ್ದಂತೆ ತಂತಿ ಬಾಯಿಬಿಡುತ್ತದೆ. ನಾಲ್ಕು ತಂತಿಯಿಂದ ಹತ್ತಾರು ಸ್ವರ ಮೇಲೇಳುತ್ತವೆ, ಯಾರೂ ಮೀಟದ ಗಾಂಧಾರ ಗಾಳಿಯಲ್ಲಿ ಕೇಳಿಸುತ್ತದೆ. ಸಿ.ವಿ. ರಾಮನ್ ಅವರು ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ, ತಂಬೂರಿ ಮತ್ತು ವೀಣೆಯ ಈ ಕುದುರೆಯ ಬಗ್ಗೆ ಬರೆದಿದ್ದಾರೆ. ತಂತಿಯನ್ನು ಎಲ್ಲಿ ಮೀಟುತ್ತೀರೋ ಆ ಜಾಗದ ಲೆಕ್ಕದಿಂದ ಕೆಲವು ಸ್ವರಗಳು ಹುಟ್ಟಲೇಬಾರದು. ಬಾಗಿದ ಕುದುರೆಗೆ ತಂತಿ ಸವರಿಕೊಂಡು ಹೋಗುವುದರಿಂದ ಅವೂ ಹುಟ್ಟುತ್ತವೆ.

ಈಗ ಸ್ಪೀಕರಿಗೆ ಬನ್ನಿ. ಈ ಸ್ವರಗಳೆಲ್ಲ ತುಂಬಾ ಸಣ್ಣವು, ಮೇಲಿನವು, ಒಂದರ ಹಿಂದೆ ಒಂದು ಬಂದು ಹೋಗುವಂಥವು. ಹಿಂಡಿ ಚಿಕ್ಕದು ಮಾಡಿದ ಕಡಿಮೆ ಬಿಟ್‌ರೇಟಿನ ಫೈಲಿನಲ್ಲಿ ಮೊದಲು ಸಾಯುವುದು ಇವೇ. ತಂಬೂರಿ ಬದಲು ಜುಂಯ್ ಅನ್ನುವ ಒಂದು ಮಂಜು ಉಳಿಯುತ್ತದೆ. ಒಳ್ಳೆ ಸಿಡಿ ತಗೊಳ್ಳಿ, 16 ಬಿಟ್, 44.1 ಕಿಲೋಹರ್ಟ್ಜ್, ಮನೆಗೆ ಬೇಕಾದಷ್ಟಾಯಿತು. ಅದಕ್ಕಿಂತ ದೊಡ್ಡ ಅಂಕಿಗೆ ಜಾಸ್ತಿ ದುಡ್ಡು ಕೊಡಬೇಡಿ. ವೈರಿಗೂ ಕೊಡಬೇಡಿ, ದಪ್ಪ ಇರುವ ಸಾಧಾರಣ ತಾಮ್ರದ ವೈರು ಸಾಕು.

ಇನ್ನೊಂದು ಮುಖ್ಯ ಮಾತು. ನಮ್ಮವರು ನೆಲದ ಮೇಲೆ ಕೂತು ನುಡಿಸುತ್ತಾರೆ. ಸ್ಪೀಕರನ್ನು ಷೋಕೇಸಿನ ಮೇಲೆ ಇಟ್ಟರೆ ವೀಣೆ ಅಟ್ಟದ ಮೇಲಿಂದ ಕೇಳಿದ ಹಾಗೆ ಆಗುತ್ತದೆ. ಅಮ್ಮನವರು ಕುರ್ಚಿಯಲ್ಲಿ ಕೂರುತ್ತಾರೆ ಅಲ್ವಾ, ಟ್ವೀಟರ್ ಅವರ ಕಿವಿಗಿಂತ ಸ್ವಲ್ಪ ಕೆಳಗಿರಲಿ, ಮುಖ ಸ್ವಲ್ಪ ಮೇಲಕ್ಕೆ ವಾಲಿರಲಿ. ನಾನು ಸ್ಪೀಕರಿನ ಮುಂಭಾಗಕ್ಕೆ ಎರಡು ರಬ್ಬರ್ ತುಂಡು ಕೊಟ್ಟು ಇಟ್ಟಿದ್ದೇನೆ.

ಮಿಕ್ಸರ್ ಮೇಜು

ತಂಬೂರಿಯವರ ಮಾತಿಗೆ ಪೂರ್ತಿ ಸಹಮತ. ಕೋಣೆಯ ಬಗ್ಗೆ ಹೇಳಲು ಮರೆತಿದ್ದೆ.

ನಿಮ್ಮ ಕೋಣೆಯ ಅಳತೆಗೆ 40, 47, 56 ಹರ್ಟ್ಜ್‌ನಲ್ಲಿ ಗುಂಯ್‌ಗುಡುವಿಕೆ ಇರುತ್ತದೆ, ಉದ್ದ ಅಗಲ ಎತ್ತರಕ್ಕೆ ಒಂದೊಂದು. ಅವುಗಳ ದುಪ್ಪಟ್ಟಿನಲ್ಲೂ ಇರುತ್ತದೆ, 80, 94 ಹೀಗೆ. ಮೃದಂಗದ ಎಡಗಡೆಯ ಗುಂಕಿ, ಗುಂ ಎನ್ನುವ ಆ ಕೆಳದನಿ, ಓಡಾಡುವುದು ಆ ಆಸುಪಾಸಿನಲ್ಲೇ. ಅದಕ್ಕೇ ಮನೆಯಲ್ಲಿ ತನಿ ಆವರ್ತನ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಹಾಕಿದರೆ ಎಡಗೈ ಊದಿಕೊಳ್ಳುತ್ತದೆ, ಬಲಗೈಯ ಚಾಪು ತೆಳ್ಳಗಾಗುತ್ತದೆ. ಸ್ಪೀಕರನ್ನು ಮೂಲೆಯಿಂದ ಎಳೆದು ಹಿಂದಿನ ಗೋಡೆಯಿಂದ ಎರಡು ಮೂರು ಅಡಿ ಮುಂದೆ ಇಡಿ, ಅರ್ಧ ಕಾಯಿಲೆ ಹೋಗುತ್ತದೆ. ಅಮ್ಮನ ಕುರ್ಚಿಯನ್ನು ಹಿಂದಿನ ಗೋಡೆಗೆ ಒತ್ತಿ ಇಡಬೇಡಿ.

ಕೋಣೆಯ ಮಧ್ಯೆ ನಿಂತು ಒಂದು ಚಪ್ಪಾಳೆ ತಟ್ಟಿ. ಟರ್ರ್ ಎಂದು ಹಿಂದೆ ಬಂದರೆ ಟೈಲ್ಸ್ ಮತ್ತು ಕಿಟಕಿ ಮಾಡುತ್ತಿರುವ ಕೆಲಸ ಅದು. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಜಮಖಾನ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು. ತೆಳು ಜಮಖಾನದಿಂದ ಮೇಲಿನ ಸ್ವರ ಮಾತ್ರ ತಗ್ಗುತ್ತದೆ, ಗುಂಯ್‌ಗುಡುವುದು ತಗ್ಗುವುದಿಲ್ಲ. ಅದಕ್ಕೆ ಮೂಲೆಯಲ್ಲಿ ಹಳೆಯ ಹತ್ತಿ ಹಾಸಿಗೆ ಸುರುಳಿ ಸುತ್ತಿ ನಿಲ್ಲಿಸಿ ನೋಡಿ, ಸ್ವಲ್ಪ ಉಪಯೋಗ ಆಗುತ್ತದೆ.

ಕುವೆಂಪುನಗರ ಕೇಳುಗ

ಮೂರು ವಾರ ಆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರ ಉತ್ತರವನ್ನೂ ಅಮ್ಮನಿಗೆ ಓದಿ ಹೇಳಿದೆ. ಚೆಂಡೆಯವರ ಟ್ವೀಟರ್ ಕಥೆಗೆ ತುಂಬಾ ಬೇಜಾರು ಮಾಡಿಕೊಂಡರು.

ಪರೀಕ್ಷೆ ಮಾಡಿದೆವು. ಅಮ್ಮನ ಹಳೆಯ ಶಿಷ್ಯೆ ಒಬ್ಬರು ಬಂದರು. ವೀಣೆಯನ್ನು ಒಂದು ವರ್ಷದಿಂದ ಯಾರೂ ಮುಟ್ಟಿರಲಿಲ್ಲ, ತಂತಿ ಬದಲಾಯಿಸಿ ಶ್ರುತಿ ಕೂಡಿಸುವುದಕ್ಕೇ ಒಂದು ಗಂಟೆ ಹಿಡಿಯಿತು. ಎರಡು ಹಾಸಿಗೆ ನಿಲ್ಲಿಸಿ, ಮೂರು ಅಡಿ ದೂರದಲ್ಲಿ ರೆಕಾರ್ಡರ್ ಇಟ್ಟು ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿದೆ. ಅಷ್ಟರಲ್ಲಿ ಅಮ್ಮನಿಗೆ ಆಯಾಸ ಆಗಿ ಒಳಗಿನ ಕೋಣೆಗೆ ಹೋಗಿ ಮಲಗಿದರು. ಶಿಷ್ಯೆ ಅಡುಗೆಮನೆಗೆ ಕಾಫಿಗೆ ಹೋದರು. ನಾನು ಹಾಸಿಗೆ ತೆಗೆದು, ವೀಣೆಯ ಕೊಡ ಇದ್ದ ಜಾಗದಲ್ಲೇ ಒಂದು ಮಣೆ ಹಾಕಿ ಅದರ ಮೇಲೆ ಸ್ನೇಹಿತನ ಸ್ಪೀಕರ್ ಒಂದನ್ನು ಇಟ್ಟು, ಅಂದಾಜಿಗೆ ಅಷ್ಟೇ ಜೋರು ಮಾಡಿ ಹಾಕಿದೆ.

ಒಂದು ನಿಮಿಷ ಆಗಿರಬಹುದು. ಒಳಗಿನಿಂದ ಅಮ್ಮ ಕೂಗಿ ಹೇಳಿದರು, "ಸಾರಣಿ ಇಳಿದಿದೆ ಕಣೇ, ಕೇಳುತ್ತಿಲ್ಲವಾ? ಬಿರಡೆ ಸ್ವಲ್ಪ ತಿರುಗಿಸು."

ನಿಜವಾಗಿಯೂ ಇಳಿದಿತ್ತು. ಹೊಸ ತಂತಿ, ನುಡಿಸುತ್ತಾ ಇಳಿದಿತ್ತು.

ಆಮೇಲೆ ಅವರನ್ನು ಕರೆದುಕೊಂಡು ಬಂದು ಎದುರಿಗೆ ಕೂರಿಸಿ ಮತ್ತೆ ಹಾಕಿದೆ. ಎದುರಿಗೆ ಕೂತಾಗ ಅವರು ಮೋಸ ಹೋಗಲಿಲ್ಲ. "ಮೀಟು ಸರಿಯಾಗಿದೆ, ಗಮಕ ಎಳೆಯುವಾಗ ಬೆರಳು ಮೆಟ್ಟಿಲಿನ ಮೇಲೆ ಜಾರುವುದೂ ಕೇಳುತ್ತದೆ. ತಾಳದ ತಂತಿ ಮಾತ್ರ ತಂತಿಯ ಜಾಗದಲ್ಲಿ ಇಲ್ಲ, ಎಲ್ಲಾ ಒಂದೇ ತೂತಿನಿಂದ ಬರುತ್ತದೆ" ಅಂದರು. ಮತ್ತೆ ಹೇಳಿದರು, ನಿಜವಾದ ವೀಣೆಯಾದರೆ ದನಿ ಕೆಳಗೆ ನೆಲಕ್ಕೂ ಹೋಗುತ್ತದೆ, ತೊಡೆಗೆ ತಾಗುತ್ತದೆ, ಇದು ಮುಂದಕ್ಕೆ ಮಾತ್ರ ಬರುತ್ತದೆ ಎಂದು. ಆದರೂ ಇಪ್ಪತ್ತು ನಿಮಿಷ ಪೂರ್ತಿ ಕೇಳಿದರು. ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಇದರ ಮೇಲೆ ಒಂದು ಜೋಡಿ ಬುಕ್‌ಶೆಲ್ಫ್ ಸ್ಪೀಕರ್, 60 ವ್ಯಾಟಿನ ಆಂಪ್ ತಗೊಂಡೆ, ಸೆಕೆಂಡ್ ಹ್ಯಾಂಡ್. ಒಟ್ಟು 90 ಸಾವಿರದೊಳಗೆ ಮುಗಿಯಿತು. ಎರಡನ್ನೂ ಹತ್ತಡಿ ದೂರ ಇಡದೆ ಐದು ಅಡಿ ಅಂತರದಲ್ಲಿ, ಹಿಂದಿನ ಗೋಡೆಯಿಂದ ಎರಡೂವರೆ ಅಡಿ ಮುಂದೆ ಇಟ್ಟಿದ್ದೇನೆ. ಅಂಗಡಿಯಲ್ಲಿ ಹಾಕಿಸಿದ ಅದೇ ರೆಕಾರ್ಡಿಂಗ್ ಈಗ ವೀಣೆಯ ಅಳತೆಗೆ ಬಂದಿದೆ, ಪೂರ್ತಿ ಅಲ್ಲ, ಆದರೆ ಗಂಟೆ ಹೋಗಿದೆ. ಕಿಟಕಿಗೆ ಪರದೆ ಹೊಲಿಸಲು ಕೊಟ್ಟಿದ್ದೇನೆ. ದೊಡ್ಡ ಕಚೇರಿಯ ರೆಕಾರ್ಡಿಂಗ್ ಹಾಕಿದರೆ ತನಿ ಆವರ್ತನ ಬಂದಾಗ ಅಮ್ಮ ಸ್ವಲ್ಪ ತಗ್ಗಿಸು ಅನ್ನುತ್ತಾರೆ. ವೀಣೆ, ಒಬ್ಬರೇ ಹಾಡಿದ್ದು, ಕೊಳಲು, ಇವು ಅವರಿಗೆ ಹಿಡಿಸಿವೆ. ದಿನಾ ಸಂಜೆ ಒಂದು ಗಂಟೆ ಕೇಳುತ್ತಾರೆ.

ಧಾರವಾಡದವರು ಬರೆದದ್ದನ್ನು ಓದಿದ ಮೇಲೆ ಅವರಿಗೆ ಹೊಸ ಆಸೆ ಹುಟ್ಟಿದೆ. ಅಟ್ಟದ ಮೇಲಿರುವ ತಂಬೂರಿ ಇಳಿಸಿ, ಶ್ರುತಿ ಕೂಡಿಸಿ, ಇದೇ ಕೋಣೆಯಲ್ಲಿ ಒಂದು ಗಂಟೆ ರೆಕಾರ್ಡ್ ಮಾಡಿಕೊಡು ಎಂದಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ಹಾಕಿಕೊಂಡು ಕೂತಲ್ಲೇ ಹಾಡಿಕೊಳ್ಳುತ್ತಾರಂತೆ. ಮುಂದಿನ ಭಾನುವಾರ ಶಿಷ್ಯೆಯರು ಮೂವರು ಬರುತ್ತಿದ್ದಾರೆ. ತಂಬೂರಿಯ ಒಂದು ಬಿರಡೆ ಬಿಗಿಯಾಗಿ ಕೂತುಬಿಟ್ಟಿದೆ, ಅಷ್ಟರಲ್ಲಿ ಅದನ್ನು ರಿಪೇರಿ ಮಾಡಿಸಬೇಕು. ಜೀವಾಳಕ್ಕೆ ರೇಷ್ಮೆ ದಾರ ಒಳ್ಳೆಯದಾ, ಹತ್ತಿಯದಾ? ಧಾರವಾಡದವರು ದಯವಿಟ್ಟು ತಿಳಿಸಿ.